ಕಸಿ ಮಾಡಿದ ಅಂಗವನ್ನು ಉಳಿಸುವ ಮಾತ್ರೆ

ರೋಗನಿರೋಧಕ ಶಕ್ತಿಯ ಪಾಠ ಮಾಡುವಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ಹೆತ್ತ ತಾಯಿಯ ಮೂತ್ರಪಿಂಡವನ್ನೇ ಮಗನಿಗೆ ಜೋಡಿಸಿದ್ದರೂ ಆತ ಜೀವನಪರ್ಯಂತ ಮಾತ್ರೆ ನುಂಗಬೇಕೇಕೆ? ಇದರ ಉತ್ತರವನ್ನು ಹೆತ್ತವರೂ ಅರಿತಿರಬೇಕು.

ಬಿಳಿ ರಕ್ತಕಣಗಳಲ್ಲಿ ಟಿ ಜೀವಕೋಶಗಳೆಂಬ ಬಗೆಯೊಂದುಂಟು. ಇತರ ಜೀವಕೋಶಗಳ ಮೇಲ್ಮೈಯಲ್ಲಿರುವ ಎಚ್‌ಎಲ್‌ಎ ಎಂಬ ಪ್ರೋಟೀನುಗಳ ಗುರುತನ್ನು ನೋಡಿ ಇವು ತನ್ನದು ಯಾವುದು, ಪರಕೀಯ ಯಾವುದು ಎಂದು ನಿರ್ಧರಿಸುತ್ತವೆ. ಮಗುವಿಗೆ ಈ ಗುರುತಿನ ಅರ್ಧಭಾಗ ತಾಯಿಯಿಂದಲೂ ಉಳಿದರ್ಧ ತಂದೆಯಿಂದಲೂ ಬರುತ್ತದೆ. ಆದ್ದರಿಂದ ತಾಯಿಯ ಅಂಗದಲ್ಲಿಯೂ ಮಗನ ದೇಹಕ್ಕೆ ಅಪರಿಚಿತವಾದ ಗುರುತುಗಳಿರುತ್ತವೆ. ಅವನ್ನು ಕಂಡ ಟಿ ಜೀವಕೋಶಗಳು ಇಂಟರ್‌ಲ್ಯೂಕಿನ್-2 ಎಂಬ ಸಂಕೇತವಸ್ತುವನ್ನು ಸ್ರವಿಸಿ, ಸಂಖ್ಯೆಯಲ್ಲಿ ಬೆಳೆದು, ಅಂಗದ ಮೇಲೆ ಎರಗುತ್ತವೆ. ಇದೇ ಅಂಗ ತಿರಸ್ಕಾರ.

1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಅವರು ನಡೆಸಿದ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದರಿಂದ ಅಲ್ಲಿ ಪರಕೀಯ ಗುರುತೇ ಇರಲಿಲ್ಲ. ಉಳಿದವರಿಗೆ ಔಷಧವೇ ಗತಿ. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ಸೈಕ್ಲೋಸ್ಪೊರಿನ್ ಸಿದ್ಧವಾಯಿತು. 1978ರಲ್ಲಿ ಕೇಂಬ್ರಿಜ್ಜಿನ ರಾಯ್ ಕಾಲ್ನ್ ಅದನ್ನು ಕಸಿ ರೋಗಿಗಳಿಗೆ ನೀಡಿದರು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೊಲಿಮಸ್ ದೊರೆಯಿತು.

ಇವೆರಡೂ ಟಿ ಜೀವಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ಆಗ ಇಂಟರ್‌ಲ್ಯೂಕಿನ್-2 ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಶಾಲೆಯ ಗಂಟೆ ಬಾರಿಸದಿದ್ದರೆ ಮಕ್ಕಳು ಸಾಲುಗೂಡದಂತೆ, ಸಂಕೇತವಿಲ್ಲದೆ ದಾಳಿಯ ಪಡೆಯೂ ಬೆಳೆಯದು.

ಆದರೆ ರೋಗಾಣುಗಳೊಡನೆ ಹೋರಾಡುವುದೂ ಇದೇ ಪಡೆ. ಔಷಧ ಹೆಚ್ಚಾದರೆ ಸೋಂಕು ತಗಲುತ್ತದೆ, ಮೂತ್ರಪಿಂಡಕ್ಕೇ ಹಾನಿಯಾಗಬಹುದು, ಕಡಿಮೆಯಾದರೆ ತಿರಸ್ಕಾರ. ಅದಕ್ಕಾಗಿಯೇ ರಕ್ತದಲ್ಲಿ ಔಷಧದ ಮಟ್ಟವನ್ನು ಆಗಾಗ ಅಳೆಯುತ್ತಾರೆ. ಚಕ್ಕೋತದಂಥ ಹಣ್ಣು ಈ ಮಟ್ಟವನ್ನು ಏರಿಸಬಹುದು. ಕ್ಷಯರೋಗದ ರಿಫಾಂಪಿಸಿನ್ ಇಳಿಸುತ್ತದೆ. ವೈದ್ಯರನ್ನು ಕೇಳದೆ ನಾಟಿ ಮದ್ದನ್ನೂ ಸೇವಿಸಬಾರದು.

ಅತಿ ದೊಡ್ಡ ಅಪಾಯವೆಂದರೆ, 'ಈಗ ಆರೋಗ್ಯವಾಗಿದ್ದೇನೆ' ಎಂದುಕೊಂಡು ಮಾತ್ರೆ ನಿಲ್ಲಿಸುವುದು. ವರ್ಷಗಳು ಕಳೆದರೂ ಟಿ ಜೀವಕೋಶಗಳ ಪಾಲಿಗೆ ಆ ಅಂಗ ಪರಕೀಯವೇ. ತಿರಸ್ಕಾರ ನೋವಿಲ್ಲದೆಯೂ ಆರಂಭವಾಗಬಹುದು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲಷ್ಟೇ ಅದು ತಿಳಿಯುವುದುಂಟು.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಮಾತ್ರೆ ಎಣಿಸಿಕೊಡುವ ತಾಯಿ ಓದಬಲ್ಲುದು ಕನ್ನಡ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೋ ರಾಜ್ಯದ ಭಾಷೆಯಲ್ಲೋ ಇರುತ್ತದೆ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬಿಷ್ಟನ್ನು ವೈದ್ಯರಿಂದ ಕೇಳಿ ತಿಳಿದು, ಕನ್ನಡದಲ್ಲಿ ಬರೆದು, ಔಷಧ ವಿತರಕರಿಗೆ ಓದಿ ಹೇಳಿ ಖಚಿತಪಡಿಸಿಕೊಳ್ಳಿರಿ. ಬರೆಯುವ ಕೆಲಸವನ್ನು ನಮ್ಮ ಶಾಲೆಯ ಮಕ್ಕಳು ಚೆನ್ನಾಗಿಯೇ ಮಾಡಬಲ್ಲರು.