ಸತ್ತವರ ಚಿಕಿತ್ಸೆಯ ಖರ್ಚಿಗೆ ಮನೆ ಹೋಗುವುದೇ?

ಹಲಸೂರಿನ ಗೃಹಿಣಿಯೊಬ್ಬರು ಪತಿ ತೀರಿಕೊಂಡ ಮೂರನೇ ವಾರ ಕ್ಲಿನಿಕ್ಕಿಗೆ ಬಂದಿದ್ದರು. ರಕ್ತದೊತ್ತಡ ಏರಿತ್ತು, ನಿದ್ದೆ ಇರಲಿಲ್ಲ. ‘ಯಜಮಾನರ ಹೃದಯದ ಆಪರೇಷನ್ನಿಗೆ ಸರ್ಕಾರ ಹಣ ಕೊಟ್ಟಿತ್ತು ಡಾಕ್ಟ್ರೇ. ಈಗ ಅದಕ್ಕೆ ಮನೆ ಹೋಗುತ್ತದಂತೆ. ಅಮೆರಿಕದಲ್ಲಿರುವ ನಮ್ಮ ಭಾವನವರ ಮಗ ಹೇಳಿದ’ ಎಂದರು.

ಅಮೆರಿಕದ ಮಟ್ಟಿಗೆ ಆ ಮಾತಿಗೆ ಆಧಾರವಿದೆ. ಅಲ್ಲಿ ಬಡವರಿಗಾಗಿ ಇರುವ ‘ಮೆಡಿಕೇಡ್’ ಯೋಜನೆಯಲ್ಲಿ, 55 ವರ್ಷ ದಾಟಿದವರ ನರ್ಸಿಂಗ್ ಹೋಂ ಆರೈಕೆಯಂಥ ಖರ್ಚನ್ನು ಅವರ ಮರಣಾನಂತರ ಆಸ್ತಿಯಿಂದ ವಸೂಲು ಮಾಡಬೇಕೆಂದು 1993ರ ಕಾನೂನು ಹೇಳುತ್ತದೆ. ಆದರೆ ಪತಿ ಅಥವಾ ಪತ್ನಿ ಬದುಕಿರುವವರೆಗೆ ಅಲ್ಲಿಯೂ ವಸೂಲಿ ಇಲ್ಲ.

ನಮ್ಮಲ್ಲಿ ಹಾಗಿಲ್ಲ. 2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದ ನೆರವು ಸಾಲವಲ್ಲ. ಶಿವಾಜಿನಗರದ ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಾಗಲಿ, ಸರ್ಕಾರ ಆಸ್ಪತ್ರೆಗೆ ಕೊಟ್ಟ ಹಣವನ್ನು ರೋಗಿಯ ಮನೆಯವರಿಂದ ಮರಳಿ ಕೇಳುವುದಿಲ್ಲ.

ಉಳಿಯುವುದು ಖಾಸಗಿ ಆಸ್ಪತ್ರೆಯ ಬಾಕಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ, ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಮಿಕ್ಕದ್ದನ್ನು ಕುಟುಂಬವೇ ಭರಿಸಬೇಕು. ಈ ಬಗ್ಗೆ ಮೂರು ಸಂಗತಿ ತಿಳಿದಿರಲಿ.

1. ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ. ಹಣವನ್ನು ನಂತರ ಕೇಳಬಹುದು. ತಡೆದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ.

2. ಮೃತರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗನ ಸಂಬಳ, ಸೊಸೆಯ ಒಡವೆ ಇದಕ್ಕೆ ಸೇರುವುದಿಲ್ಲ.

3. ದಾಖಲು ಮಾಡುವಾಗ ‘ಬಿಲ್ಲಿಗೆ ನಾನು ಜವಾಬ್ದಾರ’ ಎಂದು ಸಹಿ ಹಾಕಿದವರ ಮಾತು ಬೇರೆ. ಅವರು ಸ್ವಂತ ಹಣದಿಂದಲೇ ಕೊಡಬೇಕಾಗಬಹುದು. ಆದ್ದರಿಂದ ಓದದೆ ಸಹಿ ಬೇಡ. ದುಃಖದ ಗಳಿಗೆಯಲ್ಲಂತೂ ಹೊಸ ಮುಚ್ಚಳಿಕೆ ಬರೆದುಕೊಡಲೇಬೇಡಿ.

ಅಂತಿಮ ಬಿಲ್, ರಸೀದಿಗಳು, ಚಿಕಿತ್ಸೆಯ ಸಾರಾಂಶ, ಯೋಜನೆಯ ಮಂಜೂರಾತಿ ಪತ್ರ, ಮರಣ ಪ್ರಮಾಣಪತ್ರ ಇವಿಷ್ಟನ್ನೂ ಒಂದೇ ಕಡತದಲ್ಲಿಡಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವಸೂಲಿ ನೋಟಿಸು ಬಂದರೆ ಸುಮ್ಮನಿರದೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ.

ಇಷ್ಟು ವಿವರಿಸಿದ ಮೇಲೆ ಆ ತಾಯಿಯ ಮುಖದಲ್ಲಿ ಸ್ವಲ್ಪ ನಿರಾಳ ಕಂಡಿತು. ‘ಹಾಗಾದರೆ ಮಾತ್ರೆ ಬೇಡವೇ?’ ಎಂದರು. ಚಿಂತೆ ಬಿಡಿ, ಬಿ.ಪಿ. ಮಾತ್ರೆ ಬಿಡಬೇಡಿ ಎಂದೆ.