ರಸ್ತೆ ಗುಂಡಿಗೆ ಬಿದ್ದವರಿಗೆ ಪರಿಹಾರ: ಪಾಲಿಕೆ ಕೊಡುವ ಹಣ ಯಾರದ್ದು? ಲೆಕ್ಕ ಕೇಳುವುದು ಹೇಗೆ?

ಮುಂಬೈ: ರಸ್ತೆ ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ಮೃತಪಟ್ಟವರ ಕುಟುಂಬಕ್ಕೆ 6 ಲಕ್ಷ ರೂ., ಗಾಯಗೊಂಡವರಿಗೆ ಗಾಯದ ತೀವ್ರತೆ ನೋಡಿ 50 ಸಾವಿರದಿಂದ 2.5 ಲಕ್ಷ ರೂ.ವರೆಗೆ ಪರಿಹಾರ ಕೊಡಬೇಕೆಂದು ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ನೊಂದವರಿಗೆ ಇದು ದೊಡ್ಡ ಆಸರೆ. ಆದರೆ ಪಾಲಿಕೆಯ ಖಜಾನೆಯಿಂದ ಹೋಗುವ ಹಣ ನಾವು ಕಟ್ಟಿದ ತೆರಿಗೆಯೇ. ಹಾಗಾದರೆ ತಪ್ಪು ಮಾಡಿದವರು ಕೊಡುವುದೇನು?

ತಪ್ಪಿತಸ್ಥರಿಂದ ವಸೂಲಿ

ಈ ಪ್ರಶ್ನೆ ಹೊಸದಲ್ಲ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ನೊಂದವರಿಗೆ ಇಲಾಖೆ ಮೊದಲು ಸಾರ್ವಜನಿಕ ನಿಧಿಯಿಂದ ಪರಿಹಾರ ಕೊಡಲಿ, ನಂತರ ಹೊಣೆಗೇಡಿಯಾಗಿ ವರ್ತಿಸಿದ ಅಧಿಕಾರಿಗಳಿಂದ ಅದನ್ನು ವಸೂಲಿ ಮಾಡಲಿ ಎಂಬುದು ಆ ತೀರ್ಪಿನ ಸಾರ. ಬಾಂಬೆ ಹೈಕೋರ್ಟ್ ಆದೇಶವೂ ಇದೇ ಜಾಡಿನಲ್ಲಿದೆ. ತಪ್ಪಿತಸ್ಥ ಅಧಿಕಾರಿ, ಎಂಜಿನಿಯರ್ ಅಥವಾ ಗುತ್ತಿಗೆದಾರರಿಂದ ಹಣ ವಾಪಸ್ ಪಡೆಯಬೇಕು ಎಂದು ಅದು ಹೇಳಿದೆ.

ಪರಿಹಾರ ಕೊಟ್ಟಿದ್ದು ಸುದ್ದಿಯಾಗುತ್ತದೆ. ವಸೂಲಿ ಆಯಿತೇ ಎಂಬುದು ಕಡತದಲ್ಲೇ ಉಳಿಯುತ್ತದೆ. ಪಾರದರ್ಶಕತೆ ಬೇಕಿರುವುದು ಇಲ್ಲೇ.

ರಾಜಿ ಗುಟ್ಟಾದರೆ ಏನಾಗುತ್ತದೆ?

ಅಮೆರಿಕದ ಷಿಕಾಗೋ ಇದಕ್ಕೆ ಕಹಿ ಉದಾಹರಣೆ. 2014ರ ಅಕ್ಟೋಬರ್‌ನಲ್ಲಿ 17 ವರ್ಷದ ಕಪ್ಪು ಯುವಕ ಲಕ್ವಾನ್ ಮೆಕ್‌ಡೊನಾಲ್ಡ್ ಮೇಲೆ ಪೊಲೀಸ್ ಅಧಿಕಾರಿಯೊಬ್ಬ 16 ಗುಂಡು ಹಾರಿಸಿದ. 2015ರ ಏಪ್ರಿಲ್‌ನಲ್ಲಿ, ಕುಟುಂಬ ಮೊಕದ್ದಮೆ ಹೂಡುವ ಮೊದಲೇ, ನಗರಸಭೆ 50 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಗೆ ಕೊಟ್ಟಿತು. ಸಭೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಘಟನೆಯ ವಿಡಿಯೊ ಜನರ ಕೈಗೆ ಸಿಗಲಿಲ್ಲ.

ನ್ಯಾಯಾಧೀಶರ ಆದೇಶದ ಮೇರೆಗೆ ಅದೇ ವರ್ಷ ನವೆಂಬರ್ 24ರಂದು ವಿಡಿಯೊ ಬಿಡುಗಡೆಯಾಯಿತು. ಯುವಕ ಪೊಲೀಸರಿಂದ ದೂರ ಸರಿದು ನಡೆಯುತ್ತಿದ್ದುದು ಅದರಲ್ಲಿ ಕಾಣುತ್ತಿತ್ತು. ಆ ಅಧಿಕಾರಿಯ ಮೇಲೆ ಕೊಲೆ ಆರೋಪ ದಾಖಲಾಗಿದ್ದು ಕೂಡ ಅದೇ ದಿನ. 2018ರಲ್ಲಿ ಆತ ತಪ್ಪಿತಸ್ಥನೆಂದು ಸಾಬೀತಾಯಿತು. ಜನರ ದುಡ್ಡು ಏಪ್ರಿಲ್‌ನಲ್ಲೇ ಮಂಜೂರಾಗಿತ್ತು, ಯಾವ ಕಾರಣಕ್ಕೆ ಎಂಬುದು ಜನರಿಗೆ ಗೊತ್ತಾಗಲು ಏಳು ತಿಂಗಳು ಬೇಕಾಯಿತು.

ನಮಗಿರುವ ಹಕ್ಕು ಯಾವುದು?

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಜೆಟ್ ಹಂಚಿಕೆ ಮತ್ತು ವೆಚ್ಚದ ವಿವರವನ್ನು ಪಾಲಿಕೆ ತಾನಾಗಿಯೇ ಪ್ರಕಟಿಸಬೇಕು. ಸಮಿತಿ ಸಭೆಗಳಿಗೆ ಜನರಿಗೆ ಪ್ರವೇಶವಿದೆಯೇ, ನಡಾವಳಿ ನೋಡಲು ಸಿಗುತ್ತದೆಯೇ ಎಂಬುದನ್ನೂ ತಿಳಿಸಬೇಕು. ಪ್ರಕಟವಾಗದಿದ್ದರೆ ಅರ್ಜಿ ಹಾಕಿ ಕೇಳಬಹುದು:

• ಕಳೆದ ಮೂರು ವರ್ಷಗಳಲ್ಲಿ ಕೋರ್ಟ್ ಆದೇಶ ಮತ್ತು ರಾಜಿ ಮೂಲಕ ಕೊಟ್ಟ ಪರಿಹಾರದ ಒಟ್ಟು ಮೊತ್ತ ಎಷ್ಟು?
• ವಕೀಲರ ಶುಲ್ಕಕ್ಕೆ ಖರ್ಚಾಗಿದ್ದೆಷ್ಟು?
• ಪ್ರತಿ ಪ್ರಕರಣದಲ್ಲಿ ಒಪ್ಪಿಗೆ ಕೊಟ್ಟವರು ಯಾರು? ಟಿಪ್ಪಣಿ ಮತ್ತು ನಿರ್ಣಯದ ಪ್ರತಿ ಕೊಡಿ.
• ಅಧಿಕಾರಿ, ಗುತ್ತಿಗೆದಾರರಿಂದ ವಸೂಲಾದ ಮೊತ್ತ ಎಷ್ಟು?

ಮಹಾರಾಷ್ಟ್ರದಲ್ಲಿ ಅರ್ಜಿ ಶುಲ್ಕ 10 ರೂ. ಅಲ್ಲಿನ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಏಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

'ವೈಯಕ್ತಿಕ ಮಾಹಿತಿ' ಎಂಬ ತಡೆ

2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ, ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ಅರ್ಜಿ ತಳ್ಳಿಹಾಕುವುದು ಸುಲಭವಾಗಿದೆ. ಆದರೂ ದಾರಿ ಮುಚ್ಚಿಲ್ಲ. ಸಾರ್ವಜನಿಕ ಹಿತಾಸಕ್ತಿ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2)ನೇ ಸೆಕ್ಷನ್ ಹಾಗೆಯೇ ಇದೆ. ಗೋಪ್ಯ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡಲು 10ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಗಾಯಾಳುವಿನ ಹೆಸರು, ವಿಳಾಸ, ಆಸ್ಪತ್ರೆ ದಾಖಲೆ ಹೊರಬರಬಾರದು, ಅದು ನ್ಯಾಯವೇ. ಆದ್ದರಿಂದ ಅರ್ಜಿಯಲ್ಲೇ 'ಹೆಸರು ಬೇಡ. ಮೊತ್ತ, ದಿನಾಂಕ, ರಸ್ತೆ, ಗುತ್ತಿಗೆ ಸಂಖ್ಯೆ ಸಾಕು' ಎಂದು ಬರೆಯುವುದು ಜಾಣತನ. ಒಂದೇ ರಸ್ತೆಗೆ ಎಷ್ಟು ಬಾರಿ ಪರಿಹಾರ ಕೊಡಲಾಗಿದೆ, ಆ ಕೆಲಸ ಮತ್ತೆ ಅದೇ ಗುತ್ತಿಗೆದಾರರಿಗೆ ಸಿಕ್ಕಿದೆಯೇ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.