ಸಂತಾನಹರಣದ ನಂತರವೂ ಗಂಡುಬೆಕ್ಕು ಅಲೆಯುವುದೇಕೆ?

ಸಾಕಿದ ಗಂಡುಬೆಕ್ಕಿಗೆ ಎಂಟು-ಹತ್ತು ತಿಂಗಳು ತುಂಬುತ್ತಿದ್ದಂತೆ ಮನೆಯವರಿಗೆ ತಲೆನೋವು ಶುರುವಾಗುತ್ತದೆ. ರಾತ್ರಿಯೆಲ್ಲ ಅದು ಕಾಣೆ. ಬೆಳಿಗ್ಗೆ ಬಂದಾಗ ಕಿವಿ ಹರಿದಿರುತ್ತದೆ, ಮೈಮೇಲೆ ಕಚ್ಚಿದ ಗಾಯಗಳಿರುತ್ತವೆ. ಬಾಗಿಲು, ಗೋಡೆ, ಸ್ಕೂಟರಿನ ಚಕ್ರ ಎಲ್ಲದಕ್ಕೂ ಮೂತ್ರ ಸಿಂಪಡಿಸಿ ನಾರಿಸುತ್ತದೆ. ಪಶುವೈದ್ಯರ ಸಲಹೆಯಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದಾಯಿತು ಎನ್ನಿ. ಮೂರು ವಾರ ಕಳೆದರೂ ಬೆಕ್ಕು ಕಾಂಪೌಂಡು ಹಾರುವುದನ್ನು ಬಿಟ್ಟಿರುವುದಿಲ್ಲ. ಬೆದೆಗೆ ಬಂದ ಹೆಣ್ಣುಬೆಕ್ಕಿನ ಮೇಲೆ ಏರುವುದೂ ಉಂಟು. 'ಆಪರೇಷನ್ ಸರಿಯಾಗಿಲ್ಲ' ಎಂದು ಕೆಲವರು ವೈದ್ಯರನ್ನು ದೂರುತ್ತಾರೆ. ಇನ್ನು ಕೆಲವರು ಬೇಸತ್ತು ಬೆಕ್ಕನ್ನು ಚೀಲದಲ್ಲಿ ಹಾಕಿ ದೂರ ಬಿಟ್ಟು ಬರುತ್ತಾರೆ. ಹಾಗೆ ಮಾಡುವ ಮುನ್ನ ಆ ಶಸ್ತ್ರಚಿಕಿತ್ಸೆ ಏನನ್ನು ನಿಲ್ಲಿಸುತ್ತದೆ, ಏನನ್ನು ನಿಲ್ಲಿಸುವುದಿಲ್ಲ ಎಂಬುದನ್ನು ತಿಳಿಯುವುದು ಅಗತ್ಯ.

ಹಾರ್ಮೋನು ಇಳಿಯುವುದು ಬೇಗ

ಗಂಡುಬೆಕ್ಕಿನ ಸಂತಾನಹರಣವೆಂದರೆ ಎರಡೂ ವೃಷಣಗಳನ್ನು ತೆಗೆದುಹಾಕುವುದು. ವೃಷಣಗಳು ವೀರ್ಯಾಣುಗಳ ಜೊತೆಗೆ ಟೆಸ್ಟೊಸ್ಟಿರಾನ್ ಎಂಬ ಹಾರ್ಮೋನನ್ನೂ ತಯಾರಿಸುತ್ತವೆ. ಅವುಗಳನ್ನು ತೆಗೆದ ಮೇಲೆ ರಕ್ತದಲ್ಲಿ ಉಳಿದ ಹಾರ್ಮೋನು ಕರಗುವ ಕ್ರಮ ವಿಕಿರಣಶೀಲ ವಸ್ತುವಿನ ಕ್ಷಯವನ್ನು ಹೋಲುತ್ತದೆ. ಒಂದು ಅರ್ಧಾಯುವಿನಲ್ಲಿ ಅರ್ಧ, ಇನ್ನೊಂದರಲ್ಲಿ ಕಾಲು, ಹತ್ತು ಅರ್ಧಾಯುಗಳಲ್ಲಿ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಈ ಅರ್ಧಾಯು ಗಂಟೆಗಳ ಲೆಕ್ಕದ್ದಾದ್ದರಿಂದ ಕೆಲವೇ ದಿನಗಳಲ್ಲಿ ಹಾರ್ಮೋನಿನ ಮಟ್ಟ ತೀರ ಕೆಳಗಿಳಿಯುತ್ತದೆ.

ಆದರೆ ವರ್ತನೆ ಇಷ್ಟು ಬೇಗ ಇಳಿಯುವುದಿಲ್ಲ. ಏಕೆ?

ಮಿದುಳಿನ ಪಾತ್ರ

1959ರಲ್ಲಿ ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ವಿಲಿಯಂ ಯಂಗ್ ಮತ್ತು ಸಂಗಡಿಗರು ಗಿನಿಪಿಗ್‌ಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಒಂದು ಮುಖ್ಯ ವಿಚಾರ ಹೊರಬಂತು. ಗಂಡು ಹಾರ್ಮೋನು ಎರಡು ಬಾರಿ ಕೆಲಸ ಮಾಡುತ್ತದೆ. ಮೊದಲನೆಯದು ಜನನದ ಆಸುಪಾಸಿನಲ್ಲಿ. ಆಗ ಅದು ಮಿದುಳನ್ನು ಗಂಡಿನ ರೀತಿಯಲ್ಲಿ ರೂಪಿಸುತ್ತದೆ. ಎರಡನೆಯದು ಪ್ರಾಯಕ್ಕೆ ಬಂದಾಗ. ಆಗ ಹಾಗೆ ರೂಪುಗೊಂಡ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ನಿಲ್ಲುವುದು ಈ ಎರಡನೆಯ ಕೆಲಸ ಮಾತ್ರ. ಮಿದುಳಿನ ರಚನೆ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಕಲಿಕೆಯೂ ಸೇರುತ್ತದೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಜೇ ರೋಸೆನ್‌ಬ್ಲಾಟ್ ಮತ್ತು ಲೆಸ್ಟರ್ ಆರನ್‌ಸನ್ ಗಂಡುಬೆಕ್ಕುಗಳನ್ನೇ ಅಧ್ಯಯನ ಮಾಡಿ 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೆ ಮುನ್ನ ಸಂಯೋಗದ ಅನುಭವವಿದ್ದ ಬೆಕ್ಕುಗಳಲ್ಲಿ ಆ ವರ್ತನೆ ಹೆಚ್ಚು ಕಾಲ ಉಳಿಯಿತು. ಅನುಭವವಿಲ್ಲದವುಗಳಲ್ಲಿ ಬೇಗ ಕುಗ್ಗಿತು. ಸ್ವಿಚ್ ಆರಿಸಿದ ಮೇಲೂ ಫ್ಯಾನಿನ ರೆಕ್ಕೆಗಳು ಸ್ವಲ್ಪ ಹೊತ್ತು ತಿರುಗುತ್ತವಲ್ಲವೇ? ಇದೂ ಹಾಗೆಯೇ ಎನ್ನಬಹುದು. ಆದರೆ ಈ ಹೋಲಿಕೆಗೊಂದು ಮಿತಿಯಿದೆ. ಫ್ಯಾನು ಕೊನೆಗೆ ನಿಂತೇ ನಿಲ್ಲುತ್ತದೆ. ಬೆಕ್ಕುಗಳಲ್ಲಿ ಕೆಲವು ಪೂರ್ತಿಯಾಗಿ ನಿಲ್ಲುವುದಿಲ್ಲ.

ಅಂಕಿ ಅಂಶ ಏನು ಹೇಳುತ್ತದೆ?

1973ರಲ್ಲಿ ಬೆಂಜಮಿನ್ ಹಾರ್ಟ್ ಮತ್ತು ಬ್ಯಾರೆಟ್ ಎಂಬ ಅಮೆರಿಕದ ಸಂಶೋಧಕರು, ಪ್ರಾಯಕ್ಕೆ ಬಂದ ಮೇಲೆ ಶಸ್ತ್ರಚಿಕಿತ್ಸೆಗೆ ಒಳಗಾದ 42 ಗಂಡುಬೆಕ್ಕುಗಳ ವಿವರ ಕಲೆಹಾಕಿದರು. ತೊಂದರೆ ಕೊಡುತ್ತಿದ್ದ ಬೆಕ್ಕುಗಳ ಪೈಕಿ ಅಲೆದಾಟ ಕಡಿಮೆಯಾದದ್ದು ಶೇಕಡ 94ರಲ್ಲಿ; ಇವುಗಳಲ್ಲಿ ಶೇ. 56 ಬೇಗನೆ, ಶೇ. 38 ನಿಧಾನವಾಗಿ ಬದಲಾದವು. ಕಾದಾಟದಲ್ಲಿ ಬೇಗನೆ ಬದಲಾದವು ಶೇ. 53, ನಿಧಾನವಾಗಿ ಶೇ. 35. ಮೂತ್ರ ಸಿಂಪಡಿಕೆಯಲ್ಲಿ ಇವು ಕ್ರಮವಾಗಿ ಶೇ. 78 ಮತ್ತು ಶೇ. 9. ಎಂದರೆ ಮೂರು ವಾರಕ್ಕೆ ಫಲ ಕಾಣದಿದ್ದರೆ ಅದು ವಿಫಲವಾಯಿತೆಂದು ತೀರ್ಮಾನಿಸಬಾರದು. ಹಾಗೆಯೇ, ಸುಮಾರು ಹತ್ತರಲ್ಲಿ ಒಂದು ಬೆಕ್ಕು ತನ್ನ ಚಾಳಿ ಬಿಡದಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ.

ಚಿಕ್ಕಂದಿನಲ್ಲೇ ಮಾಡಿಸಿದರೆ? ಪ್ರಾಯಕ್ಕೆ ಬರುವ ಮೊದಲೇ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಸುಮಾರು ಶೇ. 10 ದೊಡ್ಡವಾದ ಮೇಲೆ ಆಗಾಗ ಮೂತ್ರ ಸಿಂಪಡಿಸುತ್ತಿದ್ದವೆಂದು ಹಾರ್ಟ್ ಮತ್ತು ಕೂಪರ್ 1984ರಲ್ಲಿ ವರದಿ ಮಾಡಿದರು. ಅಲ್ಲಿ ಹಳೆಯ ಅಭ್ಯಾಸದ ಪ್ರಶ್ನೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಮೂತ್ರದ ವಾಸನೆ ಮಾತ್ರ ಸಾಮಾನ್ಯವಾಗಿ ತಗ್ಗುತ್ತದೆ. ಗಂಡುಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವಿರುತ್ತದೆ. ಅದು ವಿಘಟಿಸಿದಾಗ ಘಾಟು ಬರುತ್ತದೆ. ಇದರ ಉತ್ಪತ್ತಿಗೆ ಕಾಕ್ಸಿನ್ ಎಂಬ ಪ್ರೋಟೀನು ಕಾರಣವೆಂದು ಜಪಾನಿನ ಮಸಾವೊ ಮಿಯಾಝಾಕಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ವೃಷಣ ತೆಗೆದ ಮೇಲೆ ಇವೆರಡೂ ಕಡಿಮೆಯಾಗುತ್ತವೆ.

ಅಲೆದಾಟಕ್ಕೆ ಬೇರೆ ಕಾರಣಗಳು

ಬೆಕ್ಕು ಅಲೆಯುವುದು ಹೆಣ್ಣನ್ನು ಅರಸಿ ಮಾತ್ರವಲ್ಲ. ಆಹಾರ, ಬೇಟೆ, ಬೆಚ್ಚನೆಯ ಜಾಗ ಇವುಗಳಿಗಾಗಿಯೂ ಅಲೆಯುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಯಾಟಲಿನಾ ದ್ವೀಪದ ಕಾಡುಪಾಲಾದ ಬೆಕ್ಕುಗಳಿಗೆ ರೇಡಿಯೊ ಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಅಳೆದರು. ಸಂತಾನಹರಣವಾದವು ಮತ್ತು ಆಗದವುಗಳ ಸಂಚಾರ ಪ್ರದೇಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು ಗಟಿಲಾ ಮತ್ತು ಸ್ಟ್ಯಾಪ್ 2010ರಲ್ಲಿ ಪ್ರಕಟಿಸಿದರು. ಹೊಟ್ಟೆಪಾಡಿನ ಅಲೆದಾಟಕ್ಕೆ ವೃಷಣ ಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ವ್ಯಾಸೆಕ್ಟಮಿ. ಇದರಲ್ಲಿ ವೀರ್ಯನಾಳವನ್ನಷ್ಟೇ ಕತ್ತರಿಸುತ್ತಾರೆ, ಹಾರ್ಮೋನು ಇಳಿಯುವುದಿಲ್ಲ. ಆದ್ದರಿಂದ ಬೆಕ್ಕಿಗೆ ಮರಿಗಳಾಗದಿದ್ದರೂ ಅಲೆದಾಟ, ಕಾದಾಟ, ಸಂಯೋಗ ಮೂರೂ ಮುಂದುವರಿಯುತ್ತವೆ.

ಮನೆಯವರು ಏನು ಮಾಡಬೇಕು?

ಶಸ್ತ್ರಚಿಕಿತ್ಸೆಯಾದ ಕೂಡಲೇ ಬೆಕ್ಕು ಬಂಜೆಯಾಗುವುದಿಲ್ಲ. ಮೊದಲೇ ತಯಾರಾಗಿದ್ದ ವೀರ್ಯಾಣುಗಳು ನಾಳದಲ್ಲಿ ಕೆಲವು ವಾರ ಉಳಿಯಬಹುದು. ಅಷ್ಟು ಕಾಲ ಅದನ್ನು ಹೆಣ್ಣುಬೆಕ್ಕುಗಳಿಂದ ದೂರವಿಡಬೇಕು. ವರ್ತನೆ ಬದಲಾಗಲು ಕೆಲವು ತಿಂಗಳು ಕಾಯಬೇಕು. ನಂತರವೂ ಬದಲಾಗದಿದ್ದರೆ ಹೊಟ್ಟೆಯೊಳಗೆ ಇಳಿಯದೆ ಉಳಿದ ವೃಷಣವಿದೆಯೇ ಎಂದು ಪಶುವೈದ್ಯರು ಪರೀಕ್ಷಿಸಬಲ್ಲರು. ಗಂಡುಬೆಕ್ಕಿನ ಶಿಶ್ನದ ಮೇಲಿರುವ ಸಣ್ಣ ಮುಳ್ಳುಗಳು ಟೆಸ್ಟೊಸ್ಟಿರಾನ್ ಇಲ್ಲವಾದ ಮೇಲೆ ಕೆಲವು ವಾರಗಳಲ್ಲಿ ಮಾಯವಾಗುತ್ತವೆ. ಅವು ಹಾಗೇ ಇದ್ದರೆ ಹಾರ್ಮೋನಿನ ಮೂಲ ಇನ್ನೂ ದೇಹದಲ್ಲಿದೆ ಎಂದರ್ಥ.

ಒಂದು ಎಚ್ಚರಿಕೆ: ಬೆಕ್ಕು ನಿಂತು ಗೋಡೆಗೆ ಸಿಂಪಡಿಸುವುದು ಬೇರೆ, ಪದೇಪದೇ ಕುಳಿತು ತಿಣುಕಿದರೂ ಮೂತ್ರ ಬಾರದಿರುವುದು ಬೇರೆ. ಎರಡನೆಯದು ಮೂತ್ರನಾಳ ಕಟ್ಟಿಕೊಂಡ ಲಕ್ಷಣವಿರಬಹುದು; ಆ ದಿನವೇ ವೈದ್ಯರಲ್ಲಿಗೆ ಒಯ್ಯದಿದ್ದರೆ ಪ್ರಾಣಕ್ಕೆ ಅಪಾಯ.

ಹೊರಗೆ ಓಡಾಡುವ ಬೆಕ್ಕಿಗೆ ರೇಬೀಸ್ ಲಸಿಕೆಯೂ ಕಡ್ಡಾಯವಾಗಿ ಬೇಕು. ಸಂತಾನಹರಣದಿಂದ ಕಾದಾಟ ತಗ್ಗಿದರೆ ಗಾಯಗಳೂ, ಕಡಿತದಿಂದ ಹರಡುವ ಬೆಕ್ಕಿನ ಎಫ್‌ಐವಿ ಸೋಂಕಿನ ಸಾಧ್ಯತೆಯೂ ತಗ್ಗುತ್ತವೆ. ಇದು ದೊಡ್ಡ ಲಾಭವೇ ಸರಿ. ಆದರೆ ಸಮಯಕ್ಕೆ ಊಟ, ರಾತ್ರಿ ಒಳಗೆ ಜಾಗ, ಸ್ವಲ್ಪ ತಾಳ್ಮೆ ಇವುಗಳನ್ನು ಶಸ್ತ್ರಚಿಕಿತ್ಸೆ ಕೊಡಲಾರದು. ಅವನ್ನು ನಾವೇ ಕೊಡಬೇಕು.